ದೂರದ ಯಂತ್ರಕ್ಕೊಂದು ಕರೆ

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಅಧಿಕೃತ ಹೆಸರು ಡಾ. ಭಡಕಮ್‌ಕರ್ ಮಾರ್ಗ, ಜನರ ಬಾಯಲ್ಲಿ ಹಳೆಯದೇ. ಮುಂಬಯಿಯ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೊದಲ ಕಂಪ್ಯೂಟರ್ ಇಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು. ಅಂಥ ಎರಡು ಯಂತ್ರ, ಒಂದು ಸ್ವಿಚ್, ಎರಡು ಲ್ಯಾನ್ ಕೇಬಲ್ ಇದ್ದರೆ ಪ್ರಯೋಗಾಲಯದ ಒಂದು ಪಾಠವನ್ನು ಮನೆಯಲ್ಲೇ ಮಾಡಿ ನೋಡಬಹುದು: ಜಾವಾದ ಆರ್‌ಎಂಐ, ಅಂದರೆ ರಿಮೋಟ್ ಮೆಥಡ್ ಇನ್ವೊಕೇಶನ್.

ಜಾವಾಕ್ಕೆ ಇದು ಬಂದದ್ದು 1997ರಲ್ಲಿ, ಜೆಡಿಕೆ 1.1ರ ಜೊತೆ. ಬೇರು ಇನ್ನೂ ಹಿಂದಿನದು. ನೆಟ್‌ವರ್ಕಿನಲ್ಲಿ ಏನು ಕಳಿಸಬೇಕಾದರೂ ಪ್ರೋಗ್ರಾಮರನೇ ಒಂದೊಂದು ಬೈಟನ್ನೂ ಜೋಡಿಸಿ, ಆ ಬದಿಯಲ್ಲಿ ಬಿಡಿಸಬೇಕಿದ್ದ ಕಾಲವದು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್‌ನಲ್ಲಿದ್ದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರ ಪ್ರಬಂಧದಲ್ಲಿ ಆ ಕೆಲಸವನ್ನು 'ಸ್ಟಬ್' ಎಂಬ ಪುಟ್ಟ ಪ್ರೋಗ್ರಾಮಿಗೆ ವಹಿಸುವ ಬಗೆಯನ್ನು ವಿವರಿಸಿದರು. ದೂರದ ಯಂತ್ರದ ಕೆಲಸವನ್ನೂ ಪಕ್ಕದಲ್ಲಿದ್ದಂತೆಯೇ ಕರೆಯಬಹುದಾಯಿತು.

ರೈಲಿನ ಸೀಟು ಕಾಯ್ದಿರಿಸುವ ಒಂದೇ ಒಂದು ಮೆಥಡ್ ಇರುವ ಸರ್ವರ್ ಬರೆಯೋಣ ಎನ್ನಿ. ಮೊದಲು ಆ ಮೆಥಡ್‌ನ ಹೆಸರು, ಅದು ಪಡೆಯುವುದು, ಕೊಡುವುದು, ಇಷ್ಟನ್ನೇ ಹೇಳುವ ಇಂಟರ್‌ಫೇಸ್. ಸರ್ವರ್ ತನ್ನ ಆಬ್ಜೆಕ್ಟನ್ನು ರಿಜಿಸ್ಟ್ರಿಯಲ್ಲಿ ಒಂದು ಹೆಸರಿಗೆ ನೋಂದಾಯಿಸುತ್ತದೆ. ರಿಜಿಸ್ಟ್ರಿಯ ವಾಡಿಕೆಯ ಪೋರ್ಟ್ 1099. ಕ್ಲೈಂಟ್ ಆ ಹೆಸರು ಕೇಳಿದರೆ ಸ್ಟಬ್ ಸಿಗುತ್ತದೆ. ಸ್ಟಬ್ ಮೇಲೆ ಮೆಥಡ್ ಕರೆದರೆ ರೈಲು, ದಿನಾಂಕ ಬೈಟುಗಳಾಗಿ ಕೇಬಲ್ ದಾಟುತ್ತವೆ, ಸೀಟಿನ ಸಂಖ್ಯೆ ಹಿಂದಿರುಗುತ್ತದೆ.

ಈಗ ನಡುವೆ ಕೇಬಲ್ ಕೀಳಿ. ಕ್ಲೈಂಟಿಗೆ 'ರಿಮೋಟ್ ಎಕ್ಸೆಪ್ಷನ್' ಬರುತ್ತದೆ. ಸೀಟು ಸಿಕ್ಕಿತೇ, ಇಲ್ಲವೇ? ಕರೆಯೇ ತಲುಪಲಿಲ್ಲವೋ, ಕೆಲಸ ಮುಗಿದು ಉತ್ತರ ಮಾತ್ರ ಕಳೆಯಿತೋ, ಕ್ಲೈಂಟಿಗೆ ತಿಳಿಯದು. ದೂರದ ಕರೆಯನ್ನು ಹತ್ತಿರದ್ದೆಂದೇ ನಂಬಬಾರದೆಂದು ಸನ್ ಕಂಪನಿಯ ಜಿಮ್ ವಾಲ್ಡೊ ಮತ್ತು ಸಂಗಡಿಗರು 1994ರಲ್ಲೇ ಬರೆದಿದ್ದರು. ವಾಲ್ಡೊ ಮುಂದೆ ಆರ್‌ಎಂಐ ರೂಪಿಸಿದವರಲ್ಲೂ ಒಬ್ಬರು. ಪ್ರತಿ ದೂರದ ಮೆಥಡ್‌ನಲ್ಲೂ ಈ ಎಕ್ಸೆಪ್ಷನ್ ಘೋಷಿಸಬೇಕೆಂಬ ನಿಯಮದಲ್ಲಿ ಆ ಎಚ್ಚರ ಕಾಣುತ್ತದೆ. ವಿದ್ಯಾರ್ಥಿಗಳು ಖಾಲಿ ಕ್ಯಾಚ್ ಬ್ಲಾಕ್ ಬರೆದು ಇದನ್ನು ಹಾರಿಸಿಬಿಡುವುದು ದುಃಖದ ಸಂಗತಿ. ಪಾಠದ ತಿರುಳೇ ಇದು.

ರೈಲ್ವೆಯ ಕೌಂಟರಿನಲ್ಲಿ ಇದು ಬರೀ ಪಾಠವಾಗಿರಲಿಲ್ಲ. ಮುಂಬಯಿ ಸೇರಿ ಐದು ನಗರಗಳ ರಿಸರ್ವೇಶನ್ ಕಂಪ್ಯೂಟರುಗಳು 'ಕನ್ಸರ್ಟ್' ವ್ಯವಸ್ಥೆಯಲ್ಲಿ ಪರಸ್ಪರ ಬೆಸೆದುಕೊಂಡದ್ದು 1999ರಲ್ಲಿ. ಅದು ಜಾವಾದಲ್ಲಿ ಕಟ್ಟಿದ್ದಲ್ಲ. ಆದರೂ ಮುಂಬಯಿಯ ಕೌಂಟರ್ ಬೇರೆ ನಗರದ ಯಂತ್ರದಿಂದ ಸೀಟು ಕೇಳುವಾಗ ಲೈನ್ ಹೋದರೆ ಏಳುವ ಪ್ರಶ್ನೆ ಅದೇ.

ಉತ್ತರ ಬಾರದೆ ಕ್ಲೈಂಟ್ ಮತ್ತೆ ಕರೆದರೆ ಎರಡು ಸೀಟು ಹಂಚಿಹೋಗಬಹುದು. ಇಂಥದ್ದಕ್ಕೆಂದೇ ಬಿರೆಲ್ ಮತ್ತು ನೆಲ್ಸನ್ ಪ್ರತಿ ಕರೆಗೂ ಗುರುತು ಕೊಟ್ಟು, ಮರುಕಳಿಸಿದ ಕರೆಯನ್ನು ಸರ್ವರ್ ಪತ್ತೆಹಚ್ಚುವಂತೆ ಮಾಡಿದ್ದರು. ಮನೆಯ ಸರ್ವರ್‌ಗೂ ಅದೇ ದಾರಿ: ಮೆಥಡ್‌ಗೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿ ಕೋರಿಕೆಯ ಸಂಖ್ಯೆ ಕಳಿಸುವುದು. ಮತ್ತೆ ಅದೇ ಸಂಖ್ಯೆ ಬಂದರೆ ಸರ್ವರ್ ಹೊಸ ಸೀಟು ಹಂಚುವುದಿಲ್ಲ, ಮೊದಲು ಕೊಟ್ಟ ಸೀಟಿನ ಸಂಖ್ಯೆಯನ್ನೇ ಮರಳಿಸುತ್ತದೆ.