ಹಳೆಯ ವಸ್ತುಗಳ ಅಂಗಡಿ: ಒಂದು ಕಥಾಪೀಠಿಕೆಯ ವಿಚಾರ

ಅನೇಕ ಕಥೆಗಳನ್ನು ಒಂದು ಪ್ರಧಾನಕಥೆಯೊಳಗೆ ಪೋಣಿಸುವ ಪದ್ಧತಿಯು ಭಾರತೀಯ ವಾಙ್ಮಯದಲ್ಲಿ ಬಹು ಪ್ರಾಚೀನವಾದುದು. ಈ ಪ್ರಧಾನಕಥೆಯು ಮಣಿಗಳನ್ನು ಹಿಡಿದಿರುವ ದಾರ ಮಾತ್ರವೆಂದು ಭಾವಿಸುವುದುಂಟು. ಆದರೆ ಉತ್ತಮವಾದ ಕಥಾಮಾಲೆಗಳಲ್ಲಿ ಅವಾಂತರಕಥೆಗಳ ತಾತ್ಪರ್ಯವನ್ನು ನಿರ್ಣಯಿಸುವುದು ಪೀಠಿಕೆಯೇ. ಇದಕ್ಕೆ ಇಂಗ್ಲೆಂಡಿನ ಒಂದು ಚಲನಚಿತ್ರವು ನಿದರ್ಶನವಾಗಿದೆ.

ಆರ್. ಚೆಟ್‌ವಿಂಡ್-ಹೇಯ್ಸ್ ಎಂಬ ಕಥೆಗಾರನ ನಾಲ್ಕು ಕಥೆಗಳನ್ನು ಆಧರಿಸಿ, ಕೆವಿನ್ ಕಾನರನ ನಿರ್ದೇಶನದಲ್ಲಿ 1974ರಲ್ಲಿ ಹೊರಬಂದ 'ಫ್ರಂ ಬಿಯಾಂಡ್ ದಿ ಗ್ರೇವ್' ಎಂಬುದೇ ಆ ಚಿತ್ರ. ಪೀಟರ್ ಕುಷಿಂಗನು ಅಭಿನಯಿಸಿದ ವೃದ್ಧವರ್ತಕನ ಹಳೆಯ ವಸ್ತುಗಳ ಅಂಗಡಿಯೇ ಇಲ್ಲಿ ಪೀಠಿಕೆ. ಅಂಗಡಿಗೆ 'ಪ್ರಲೋಭನಗಳು' ಎಂಬರ್ಥದ ಹೆಸರಿರುವುದು ಗಮನಾರ್ಹ.

ಮೊದಲನೆಯವನು ಪುರಾತನವಾದ ಕನ್ನಡಿಯನ್ನು ಕೃತಕವೆಂದು ಸಾಧಿಸಿ ಅಲ್ಪ ಬೆಲೆಗೆ ಕೊಳ್ಳುತ್ತಾನೆ. ಅದರೊಳಗಿನ ಪಿಶಾಚಕ್ಕೆ ವಶನಾಗಿ ಕೊಲೆಗಾರನಾಗುತ್ತಾನೆ. ಎರಡನೆಯವನು ತನಗೆ ಸಲ್ಲದ ಯುದ್ಧಪದಕವನ್ನು ಕದಿಯುತ್ತಾನೆ. ಕಡೆಗೆ ಮಾಟಕ್ಕೆ ಬಲಿಯಾಗುತ್ತಾನೆ. ಮೂರನೆಯವನು ನಶ್ಯದ ಡಬ್ಬಿಯ ಬೆಲೆಚೀಟಿಯನ್ನು ಬದಲಿಸುತ್ತಾನೆ. ಅವನ ಹೆಗಲನ್ನೇರಿದ ಭೂತವು ಅವನ ಮನೆಯನ್ನೇ ಹಾಳುಮಾಡುತ್ತದೆ. ನಾಲ್ಕನೆಯವನು ಕೆತ್ತನೆಯ ಬಾಗಿಲೊಂದನ್ನು ಕೊಳ್ಳುತ್ತಾನೆ. ಆ ಬಾಗಿಲಿನಾಚೆ ಹಿಂದಿನ ಕಾಲದ ಮಾಂತ್ರಿಕನೊಬ್ಬನ ಕೋಣೆಯಿದೆ. ಆದರೂ ಇವನು ಕೊಡಲಿಯಿಂದ ಬಾಗಿಲನ್ನು ಕಡಿದು, ಪತ್ನಿಯೊಡನೆ ಬದುಕುಳಿಯುತ್ತಾನೆ. ಕಾರಣವೇನೆಂದರೆ, ಇವನು ಬೆಲೆಯನ್ನು ಎದುರಿಗೇ ಮಾತನಾಡಿ ಇಳಿಸಿಕೊಂಡನೇ ಹೊರತು ವಂಚಿಸಲಿಲ್ಲ. ವರ್ತಕನು ಎಣಿಸಿದಾಗ ಹಣವು ಸರಿಯಾಗಿಯೇ ಇತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಪರಿಶೀಲಿಸತಕ್ಕದ್ದು. ಕನ್ನಡಿ ಮತ್ತು ಬಾಗಿಲುಗಳಲ್ಲಿ ದುಷ್ಟಶಕ್ತಿಯು ನೆಲೆಸಿರುವುದು ನಿಜ. ಪದಕದಲ್ಲಾಗಲಿ ಡಬ್ಬಿಯಲ್ಲಾಗಲಿ ಅಂತಹ ಶಕ್ತಿಯನ್ನು ಕಥೆಯು ತೋರಿಸುವುದಿಲ್ಲ. ಮಾಟವೂ ಭೂತವೂ ಬೇರೆ ಕಡೆಯಿಂದ ಬರುತ್ತವೆ. ಆದರೂ ಅವುಗಳನ್ನು ಪಡೆದವರು ನಾಶವಾಗುತ್ತಾರೆ. ಶಕ್ತಿಯುಳ್ಳ ಬಾಗಿಲನ್ನು ಕೊಂಡವನು ಉಳಿಯುತ್ತಾನೆ. ಆದುದರಿಂದ ಅಪಾಯದ ಮೂಲವು ವಸ್ತುವಿನಲ್ಲಿಲ್ಲ, ಅದನ್ನು ಪಡೆದ ರೀತಿಯಲ್ಲಿದೆ ಎಂದು ಸಿದ್ಧವಾಗುತ್ತದೆ. ಪ್ರಾಮಾಣಿಕನಿಗೂ ಭಯವು ತಪ್ಪದು. ಪಾರಾಗುವ ದಾರಿ ಮಾತ್ರ ಅವನಿಗೆ ಉಳಿದಿರುತ್ತದೆ. ಅಂಗಡಿಯ ಪ್ರಸಂಗಗಳನ್ನು ತೆಗೆದುಹಾಕಿದರೆ ಈ ನಾಲ್ಕೂ ಬರಿಯ ಭೂತಕಥೆಗಳಾಗಿ ಉಳಿಯುವುವು.

ಸಿಂಹಾಸನದ್ವಾತ್ರಿಂಶಿಕೆಯೊಡನೆ ಇದನ್ನು ಹೋಲಿಸಬಹುದು. ಅಲ್ಲಿಯೂ ಪುರಾತನವಾದ ಒಂದು ವಸ್ತುವಿದೆ. ಅದನ್ನು ಪಡೆಯುವವನ ಯೋಗ್ಯತೆಯ ಪರೀಕ್ಷೆಯೂ ಇದೆ. ವಿಕ್ರಮಾದಿತ್ಯನ ಸಿಂಹಾಸನವನ್ನೇರಬಂದ ಭೋಜರಾಜನನ್ನು 32 ಪುತ್ಥಳಿಗಳು ಒಂದೊಂದಾಗಿ ತಡೆದು, ವಿಕ್ರಮನ ಔದಾರ್ಯವನ್ನು ವರ್ಣಿಸುತ್ತವೆ. ಭೇದವಿಷ್ಟೆ: ಪುತ್ಥಳಿಗಳು ಮುಂಚಿತವಾಗಿ ಎಚ್ಚರಿಸುತ್ತವೆ, ವರ್ತಕನು ಎಚ್ಚರಿಸದೆ ಹಣವನ್ನು ಎಣಿಸುತ್ತಾನೆ. ಅಲ್ಲಿ ಉಪದೇಶ, ಇಲ್ಲಿ ಪರೀಕ್ಷೆ. ಹೀಗಾಗಿ ಅಲ್ಲಿ ವೀರಾದ್ಭುತಗಳೂ ಇಲ್ಲಿ ಭಯಾನಕವೂ ಪೋಷಿತವಾಗುತ್ತವೆ.

ಕಥಾಮಾಲೆಗಳನ್ನು ಪಾಠಹೇಳುವಾಗ ಪೀಠಿಕೆಯನ್ನು ಬಿಟ್ಟು ಬಿಡಿಕಥೆಗಳನ್ನು ಮಾತ್ರ ಆರಿಸುವ ಕ್ರಮವು ಎಷ್ಟು ನಷ್ಟಕರವೆಂಬುದು ಇದರಿಂದ ವ್ಯಕ್ತವಾಗುತ್ತದೆ.