ಬಂಗಿಗೆ ಅವಸರದ ಮದ್ದಿಲ್ಲ

ಕಲಬುರಗಿ ಸೀಮೆಯಲ್ಲಿ ಮುಖದ ಮೇಲೆ ಬಂಗು ಕಂಡರೆ ಮೊದಲು ನೋಡುವ ಡಾಕ್ಟರು ಮೆಡಿಕಲ್ ಅಂಗಡಿಯವರೇ. "ಗಲ್ಲದ ಮ್ಯಾಲ ಕಪ್ಪಗ ಆಗ್ಯದ, ಏನರ ಕೊಡ್ರಿ" ಅಂದರೆ ಸಾಕು, ಒಂದು ಟ್ಯೂಬು ಕೈಗೆ ಬರುತ್ತದೆ. ಮನೆಗೆ ಕನ್ಯಾ ನೋಡಲು ಬರುವವರಿದ್ದರಂತೂ ಎರಡು. ಕಮಲಾಪುರದ ಹೆಣ್ಣುಮಗಳು ಚರ್ಮದ ತಜ್ಞರನ್ನು ಕಾಣಬೇಕೆಂದರೆ ಕಲಬುರಗಿಯ ಬಸ್ಸು ಹತ್ತಬೇಕು. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಬಹುದು, ದಿನದ ಕೂಲಿ ಉಳಿಯುವುದಿಲ್ಲ. ಹಾಗಾಗಿ ಟ್ಯೂಬು ಕೊಂಡವರನ್ನು ಬೈಯುವುದು ಸುಲಭ, ನ್ಯಾಯವಲ್ಲ.

ಆದರೆ ಆ ಟ್ಯೂಬಿನಲ್ಲಿ ಏನಿದೆ ಎಂಬುದು ಗೊತ್ತಿರಬೇಕು. ಹೆಚ್ಚಾಗಿ ಅದು ಮೂರು ಔಷಧಿಗಳ ಮಿಶ್ರಣ: ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಉದುರುವಂತೆ ಮಾಡುವ ಟ್ರೆಟಿನಾಯಿನ್, ಉರಿ ಅಡಗಿಸುವ ಒಂದು ಸ್ಟೀರಾಯ್ಡ್. ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು 1975ರಲ್ಲಿ ಪ್ರಕಟಿಸಿದ ಸೂತ್ರ ಇದರ ಮೂಲ. ಮದ್ದು ಕೆಟ್ಟದ್ದೇನಲ್ಲ, ವೈದ್ಯರ ಕಣ್ಣೆದುರು ಕೆಲವೇ ವಾರ ಬಳಸಿದರೆ ಬಂಗಿಗೆ ಇಂದಿಗೂ ಒಳ್ಳೆಯ ಚಿಕಿತ್ಸೆ. ತೊಂದರೆ ಶುರುವಾಗುವುದೇ ಅದು ಕೆಲಸ ಮಾಡುವುದರಿಂದ. ಹದಿನೈದು ದಿನಕ್ಕೆ ಮುಖ ತಿಳಿಯಾಗುತ್ತದೆ, ನೆರೆಮನೆಯವರು ಕೇಳುತ್ತಾರೆ, ಟ್ಯೂಬು ಅಕ್ಕತಂಗಿಯರ ಕೈಗೂ ಹೋಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಗಲ್ಲದ ಮೇಲೆ ಕೂದಲೂ ಬರಬಹುದು. ಬಿಟ್ಟರೆ ಬೆಂಕಿಯಂಥ ಉರಿ, ಮೊದಲಿಗಿಂತ ಕಪ್ಪು. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು.

ಇದು ಒಂದೂರಿನ ಕತೆಯಲ್ಲ. ದೇಶದ 12 ಕೇಂದ್ರಗಳ ಚರ್ಮರೋಗ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2,926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ಕಂಡುಬಂತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದೇಶ ಗೆಜೆಟ್‌ನಲ್ಲಿದೆ. ಮುಲಾಮು ಕೇಳಿದವರಿಗೆಲ್ಲ ಸಿಗುತ್ತಲೇ ಇದೆ.

ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದ ಸ್ವಭಾವವನ್ನೂ ಸ್ವಲ್ಪ ತಿಳಿಯಬೇಕು. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬಿಳಿಯರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಅವು ಹೆಚ್ಚು ಚುರುಕು. ಮೆಲನಿನ್ನಿನ ಕಣಗಳು ದೊಡ್ಡವು, ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಬಿಸಿಲಿಗೆ ಇದೇ ನಮ್ಮ ಕೊಡೆ. ಆದರೆ ಈ ಚುರುಕಿನ ಚರ್ಮಕ್ಕೆ ಸಣ್ಣ ಗಾಯವಾದರೂ ಕಲೆ ಉಳಿಯುತ್ತದೆ. ಮೊಡವೆ ಹಿಸುಕಿದರೆ ಕಲೆ, ಸೊಳ್ಳೆ ಕಡಿದಲ್ಲಿ ಕೆರೆದರೆ ಕಲೆ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಲೆ. ಕಲೆ ತೆಗೆಯಲೆಂದು ಮಾಡಿದ ಬ್ಲೀಚು, ಗಡಸು ಪೀಲಿಂಗು, ಅರೆಬರೆ ಕಲಿತವರ ಲೇಸರ್ ಕೂಡ ಚರ್ಮದ ಲೆಕ್ಕದಲ್ಲಿ ಗಾಯವೇ. ಬಿಳಿ ಚರ್ಮದ ಮೇಲೆ ಪಳಗಿದ ಯಂತ್ರವನ್ನು ಅದೇ ಬಿಸಿಯಲ್ಲಿ ನಮ್ಮ ಗಲ್ಲಕ್ಕೆ ಹಿಡಿದರೆ ಆಗುವುದು ಅನಾಹುತ. ಕಪ್ಪು ಚರ್ಮಕ್ಕೆ ಚಿಕಿತ್ಸೆ ಕೊಡುವವರಿಗೆ ತಾಳ್ಮೆಯೇ ಅರ್ಧ ವಿದ್ಯೆ.

ಬಂಗು ಹೆಚ್ಚು ಕಾಡುವುದು ಹೆಂಗಸರನ್ನು. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವಾಗ ಕಾಣಿಸಿಕೊಳ್ಳುತ್ತದೆ. ಮನೆತನದಲ್ಲಿ ಇದ್ದರೆ ಸಾಧ್ಯತೆ ಜಾಸ್ತಿ. ಇದಕ್ಕೆ ಬಿಸಿಲು ಸೇರಿದರೆ ಮುಗಿಯಿತು. ಕಲಬುರಗಿಯ ಮೇ ತಿಂಗಳ 43 ಡಿಗ್ರಿಯ ಮಾತು ಬಿಡಿ, ತೊಗರಿ ಕೊಯ್ಯುವ ಚಳಿಗಾಲದಲ್ಲೂ ನೆತ್ತಿಯ ಮೇಲೆ ಬಿಸಿಲೇ. ನಮ್ಮ ಬಣ್ಣದ ಚರ್ಮಕ್ಕೆ ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗು ಏರಿಸುತ್ತದೆ ಎಂಬುದು ಈಚಿನ ವರ್ಷಗಳ ತಿಳಿವಳಿಕೆ. ಬಣ್ಣವಿಲ್ಲದ ಸಾದಾ ಸನ್‌ಸ್ಕ್ರೀನು ಆ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ್ದೇ ಛಾಯೆಯ ಸನ್‌ಸ್ಕ್ರೀನು ಬೇಕು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದನ್ನು ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ, ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಏಸಿ ಕೋಣೆಯಲ್ಲಿ ಕೂತವರಿಗೆ ಬರೆದ ಸಲಹೆ ಇದು. ಹೊಲದಲ್ಲಿ ಬೆವರುವವರಿಗೆ ದಪ್ಪ ನೂಲಿನ, ಗಾಢ ಬಣ್ಣದ ಬಟ್ಟೆ ಮುಖ ಮುಚ್ಚುವಂತೆ ಸುತ್ತಿಕೊಳ್ಳುವುದೇ ಅಗ್ಗದ, ಗಟ್ಟಿ ಉಪಾಯ. ತೆಳ್ಳನೆಯ ಸೆರಗಿನಿಂದ ಅಷ್ಟು ಲಾಭವಿಲ್ಲ. ಈ ತಡೆಯಿಲ್ಲದೆ ಯಾವ ಮುಲಾಮೂ ನಿಲ್ಲದು.

ತಡೆಯ ಮೇಲೆ ಮದ್ದು. ಅಜೆಲಾಯಿಕ್ ಆಮ್ಲದ ಮುಲಾಮು ನಿಧಾನದ್ದು, ಬಸುರಿಯರಿಗೂ ಕೊಡಬಹುದಾದದ್ದು. ಟ್ರೆಟಿನಾಯಿನ್ ಮತ್ತು ಹೈಡ್ರೋಕ್ವಿನೋನ್ ಬಸುರಿನಲ್ಲಿ ಬೇಡ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದರೆ ಚರ್ಮಕ್ಕೆ ನೀಲಿ-ಕಪ್ಪು ಛಾಯೆ ಕೂರಬಹುದು. ದಕ್ಷಿಣ ಆಫ್ರಿಕಾದ ಕಪ್ಪು ಹೆಂಗಸರಲ್ಲಿ ಇದನ್ನು 1975ರಲ್ಲೇ ಗುರುತಿಸಲಾಗಿತ್ತು. ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆಯನ್ನೂ ಈಗ ಕೊಡುತ್ತಾರೆ, ಆದರೆ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಅದು ಅಪಾಯ. ಯಾವುದಕ್ಕೇ ಆಗಲಿ ಎರಡು ಮೂರು ತಿಂಗಳು ಕಾಯಬೇಕು, ಗುಣವಾದ ಮೇಲೂ ಬಿಸಿಲಿಗೆ ಮರುಕಳಿಸಬಹುದು.

ಕಪ್ಪಾದದ್ದೆಲ್ಲ ಬಂಗಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಅದನ್ನು ಕೊಳೆಯೆಂದು ತಿಕ್ಕುವವರೇ ಹೆಚ್ಚು. ಅದು ಇನ್ಸುಲಿನ್ ಕೈಕೊಡುತ್ತಿರುವ ಸೂಚನೆ ಇರಬಹುದು; ತಿಕ್ಕುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ನೋಡಿಕೊಳ್ಳಿ. ನೈಲಾನ್ ಬ್ರಷ್‌ನಿಂದ ಬೆನ್ನು, ತೋಳು ಉಜ್ಜಿ ಉಜ್ಜಿ ಕಪ್ಪು ಮಾಡಿಕೊಂಡವರೂ ಇದ್ದಾರೆ. ರಾಸಾಯನಿಕ ಬಣ್ಣದ ಕುಂಕುಮದಿಂದ ಹಣೆಯ ನಡುವೆ ಕಪ್ಪಾಗುವುದುಂಟು. ಬಿಳಿ ಮಚ್ಚೆಗಳದು ಬೇರೆಯೇ ಲೋಕ: ಸಿಬ್ಬು ಶಿಲೀಂಧ್ರದಿಂದ ಬರುವುದು, ತೊನ್ನು ಅಂಟುಜಾಡ್ಯವಲ್ಲ. ಆದರೆ ಮುಟ್ಟಿದರೆ ಗೊತ್ತಾಗದ ತಿಳಿ ಮಚ್ಚೆ ಕುಷ್ಠದ ಗುರುತಾಗಿರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಪೂರ್ತಿ ಚಿಕಿತ್ಸೆ ಉಚಿತ. ಇವೆಲ್ಲಕ್ಕೂ ಒಂದೇ ಟ್ಯೂಬು ಹಚ್ಚಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಹೆಸರು ವಿಳಾಸವಿಲ್ಲದ 'ಬೆಳ್ಳಗಾಗುವ' ಕ್ರೀಮುಗಳ ಬಗ್ಗೆ ಎರಡೇ ಮಾತು. ಅವುಗಳಲ್ಲಿ ಪಾದರಸ ಇರಬಹುದು. ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದನ್ನು ವೈದ್ಯರು ವರದಿ ಮಾಡಿದ್ದಾರೆ.

ನನ್ನ ಪ್ರಕಾರ ಚಿಕಿತ್ಸೆಯ ಗುರಿ ಕಲೆ ಸುತ್ತಲಿನ ಚರ್ಮದ ಬಣ್ಣಕ್ಕೆ ಬರುವುದು, ಅಷ್ಟೇ. ಹುಟ್ಟಿದ ಬಣ್ಣ ಬದಲಿಸಿಕೊಡುತ್ತೇವೆ ಎನ್ನುವವರು ವೈದ್ಯರಾಗಿದ್ದರೂ ಅವರಿಂದ ದೂರವಿರಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲೂ ಇಲ್ಲಿನ ಇತರ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗಗಳಿವೆ. ಮನೆಯಲ್ಲಿರುವ ಟ್ಯೂಬಿನ ಸಣ್ಣಕ್ಷರ ಇವತ್ತೇ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಯೋಸಿನೊಲೋನ್ ಇವುಗಳಲ್ಲಿ ಒಂದು ಹೆಸರು ಕಂಡರೂ ಅದು ಸ್ಟೀರಾಯ್ಡ್. ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಿ ಉರಿಗೆ ಸಿಕ್ಕಿಕೊಳ್ಳಬೇಡಿ; ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮದ ಓಪಿಡಿಗೆ ಹೋಗಿ, ಹೇಗೆ ಬಿಡಬೇಕೆಂದು ಕೇಳಿ.