ಕಥೋಲಿಕರ ಆಶ್ರಯತಾಣದಲ್ಲಿ ಕಥೋಲಿಕ ವಿರೋಧಿ ಪಕ್ಷದ ಗೆಲುವು: ಮೇರಿಲ್ಯಾಂಡ್, 1856

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಎಂದರೆ ಎರಡು ಪಕ್ಷಗಳ ನಡುವಿನ ಸ್ಪರ್ಧೆ ಎಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಆದರೆ ಆ ದೇಶದ ಚರಿತ್ರೆಯಲ್ಲಿ ಮೂರನೆಯ ಪಕ್ಷವೊಂದು ಆಗಾಗ ತಲೆಯೆತ್ತಿ, ಒಂದೆರಡು ಚುನಾವಣೆಗಳಲ್ಲಿ ಸದ್ದು ಮಾಡಿ ಮರೆಯಾದದ್ದುಂಟು. ಅಂಥ ಪಕ್ಷಗಳಲ್ಲಿ ಒಂದು ಕಥೋಲಿಕರಾದ ನಾವು ತಿಳಿದಿರಬೇಕಾದದ್ದು. ಕಥೋಲಿಕರನ್ನೂ ವಲಸೆ ಬಂದವರನ್ನೂ ಅಧಿಕಾರದಿಂದ ದೂರವಿಡುವುದೇ ಅದರ ಮುಖ್ಯ ಗುರಿಯಾಗಿತ್ತು. 1856ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದು ಇಡೀ ದೇಶದಲ್ಲಿ ಗೆದ್ದದ್ದು ಒಂದೇ ಒಂದು ರಾಜ್ಯವನ್ನು. ಆ ರಾಜ್ಯ ಮೇರಿಲ್ಯಾಂಡ್. ಅಮೆರಿಕದ ಕಥೋಲಿಕ ಧರ್ಮಸಭೆಯ ತೊಟ್ಟಿಲು ಎನಿಸಿಕೊಂಡ ನಾಡು ಅದು.

ಇದು ಹೇಗಾಯಿತು? ಆ ಗೆಲುವಿನಿಂದ ಯಾರಿಗೆ ಏನು ಸಿಕ್ಕಿತು? ಇದನ್ನು ತಿಳಿಯಲು ಮೊದಲು ಮೇರಿಲ್ಯಾಂಡಿನ ಹಿನ್ನೆಲೆಯನ್ನು ನೋಡೋಣ.

ಆಶ್ರಯ ಅರಸಿ ಬಂದವರು

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಥೋಲಿಕರು ಬಹಿರಂಗವಾಗಿ ಬಲಿಪೂಜೆ ಅರ್ಪಿಸುವಂತಿರಲಿಲ್ಲ. ಆ ಕಾಲದಲ್ಲಿ ಲಾರ್ಡ್ ಬಾಲ್ಟಿಮೋರ್ ಎಂಬ ಬಿರುದಿನ ಸೆಸಿಲ್ ಕಾಲ್ವರ್ಟ್ ಎಂಬ ಕಥೋಲಿಕರು ರಾಜನಿಂದ ಅಮೆರಿಕದಲ್ಲಿ ಒಂದು ವಸಾಹತು ಸ್ಥಾಪಿಸಲು ಅನುಮತಿ ಪಡೆದರು. 1634ರ ಮಾರ್ಚ್ 25ರಂದು, ದೇವಮಾತೆಗೆ ಮಂಗಳವಾರ್ತೆಯಾದ ಹಬ್ಬದ ದಿನ, ಯೇಸುಸಭೆಯ ವಂದನೀಯ ಆಂಡ್ರ್ಯೂ ವೈಟ್ ಅವರು ಅಲ್ಲಿನ ಸಂತ ಕ್ಲೆಮೆಂಟರ ದ್ವೀಪದಲ್ಲಿ ಪವಿತ್ರ ಬಲಿಪೂಜೆ ಅರ್ಪಿಸಿದರು. 1649ರಲ್ಲಿ ಆ ವಸಾಹತಿನ ಸಭೆ ಧಾರ್ಮಿಕ ಸಹಿಷ್ಣುತೆಯ ಕಾಯಿದೆಯನ್ನು ಅಂಗೀಕರಿಸಿತು. ತ್ರಿತ್ವದಲ್ಲಿ ವಿಶ್ವಾಸವಿಡುವ ಎಲ್ಲ ಕ್ರೈಸ್ತರಿಗೆ ಅದು ರಕ್ಷಣೆ ನೀಡಿತು. ಇತರರಿಗೆ ಆ ರಕ್ಷಣೆ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಈ ಸ್ವಾತಂತ್ರ್ಯ ಬಹುಕಾಲ ಉಳಿಯಲಿಲ್ಲ. 1689ರಲ್ಲಿ ಪ್ರೊಟೆಸ್ಟೆಂಟರ ದಂಗೆಯಿಂದ ಆಡಳಿತ ಬದಲಾಯಿತು. ಕಥೋಲಿಕರ ಬಹಿರಂಗ ಆರಾಧನೆಗೆ ನಿಷೇಧ ಬಂತು. 1718ರಲ್ಲಿ ಅವರ ಮತದಾನದ ಹಕ್ಕೂ ಹೋಯಿತು. ತಾವೇ ಕಟ್ಟಿದ ನಾಡಿನಲ್ಲಿ ಅವರು ಮನೆಗಳ ಒಳಗಿನ ಚಿಕ್ಕ ಪ್ರಾರ್ಥನಾಲಯಗಳಲ್ಲಿ ಪೂಜೆ ನಡೆಸಬೇಕಾಯಿತು. ಸ್ವಾತಂತ್ರ್ಯ ಸಂಗ್ರಾಮದ ನಂತರವೇ ಪರಿಸ್ಥಿತಿ ಬದಲಾದದ್ದು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕಥೋಲಿಕರಾದ ಚಾರ್ಲ್ಸ್ ಕ್ಯಾರಲ್ ಮೇರಿಲ್ಯಾಂಡಿನವರು. 1789ರಲ್ಲಿ ಸ್ಥಾಪನೆಯಾದ ದೇಶದ ಮೊದಲ ಧರ್ಮಪ್ರಾಂತ್ಯ ಬಾಲ್ಟಿಮೋರ್. ಅದರ ಮೊದಲ ಧರ್ಮಾಧ್ಯಕ್ಷರು ಜಾನ್ ಕ್ಯಾರಲ್.

‘ನನಗೇನೂ ಗೊತ್ತಿಲ್ಲ’ ಎಂದವರ ಪಕ್ಷ

1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಜರ್ಮನಿಯಿಂದಲೂ ಲಕ್ಷಾಂತರ ಜನ ಹಡಗು ಹತ್ತಿದರು. ಬಾಲ್ಟಿಮೋರ್ ದೊಡ್ಡ ಬಂದರು. ಬಂದವರಲ್ಲಿ ಅನೇಕರು ಅಲ್ಲಿಯೇ ಇಳಿದು ನೆಲೆಸಿದರು. 1850ರ ಹೊತ್ತಿಗೆ ಸುಮಾರು 1 ಲಕ್ಷ 69 ಸಾವಿರ ಜನಸಂಖ್ಯೆಯ ಆ ನಗರದಲ್ಲಿ ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರಾಗಿದ್ದರು. ಅವರಲ್ಲಿ ಬಹಳಷ್ಟು ಮಂದಿ ಕಥೋಲಿಕರು, ಬಡವರು, ಸಿಕ್ಕಿದ ಕೂಲಿಗೆ ದುಡಿಯಲು ಸಿದ್ಧರಿದ್ದವರು.

ಸ್ಥಳೀಯ ಕಾರ್ಮಿಕರಿಗೆ ತಮ್ಮ ಕೆಲಸ ಹೋದೀತೆಂಬ ಭಯ. ಊರಿನ ಹಿರಿಯರಿಗೆ ತಮ್ಮ ಹಿಡಿತ ತಪ್ಪೀತೆಂಬ ಭಯ. ಈ ಭಯಕ್ಕೆ ಧರ್ಮದ ಬಣ್ಣ ಬಳಿಯುವುದು ಕಷ್ಟವಾಗಲಿಲ್ಲ. ಕಥೋಲಿಕರು ಪೋಪರಿಗೆ ನಿಷ್ಠರು, ಆದ್ದರಿಂದ ದೇಶಕ್ಕೆ ನಿಷ್ಠರಾಗಲಾರರು ಎಂಬ ಪ್ರಚಾರ ನಡೆಯಿತು. ಕನ್ಯಾಮಠಗಳ ಬಗ್ಗೆ ಹಸಿ ಸುಳ್ಳುಗಳ ಪುಸ್ತಕಗಳು ಸಾವಿರಗಟ್ಟಲೆ ಮಾರಾಟವಾದವು. ಮೇರಿಲ್ಯಾಂಡಿನಲ್ಲಿ 1852ರಲ್ಲಿ ಕಥೋಲಿಕ ಶಾಲೆಗಳಿಗೂ ಸರಕಾರದ ಹಣದಲ್ಲಿ ಪಾಲು ದೊರಕಿಸುವ ಮಸೂದೆಯೊಂದು ಬಂದು ಬಿದ್ದುಹೋಯಿತು. ಆ ವಾದವಿವಾದವೂ ಬೆಂಕಿಗೆ ತುಪ್ಪ ಸುರಿಯಿತು.

ಇದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಹುಟ್ಟಿದ ಒಂದು ಗುಪ್ತ ಸಂಘ ದೇಶವೆಲ್ಲ ಹರಡಿತು. ಸದಸ್ಯರನ್ನು ಸಂಘದ ಬಗ್ಗೆ ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಎಂದು ಹೇಳಬೇಕಿತ್ತು. ಆದ್ದರಿಂದಲೇ ಜನ ಅವರನ್ನು ‘ನೋ ನಥಿಂಗ್’ಗಳು ಎಂದು ಕರೆದರು. ಬಹಿರಂಗವಾಗಿ ರಾಜಕೀಯಕ್ಕಿಳಿದಾಗ ಅವರ ಪಕ್ಷದ ಹೆಸರು ‘ಅಮೆರಿಕನ್ ಪಾರ್ಟಿ’. ವಲಸೆ ಬಂದವರಿಗೆ ಪೌರತ್ವ ಸಿಗಲು 5 ವರ್ಷದ ಬದಲು 21 ವರ್ಷ ಕಾಯಬೇಕು, ಸರಕಾರಿ ಹುದ್ದೆಗಳು ಅಲ್ಲಿಯೇ ಹುಟ್ಟಿದವರಿಗೆ ಸಿಗಬೇಕು, ಪೋಪರಿಗೆ ನಿಷ್ಠರಾದವರಿಗೆ ಸಿಗಬಾರದು ಎಂಬುದು ಅವರ ಬೇಡಿಕೆ.

ಮಾತಿನಲ್ಲಿದ್ದದ್ದು ಕೃತಿಗೂ ಇಳಿಯಿತು. ವಾಷಿಂಗ್ಟನ್ ಸ್ಮಾರಕಕ್ಕಾಗಿ ಪೋಪ್ ಒಂಬತ್ತನೇ ಪಿಯುಸರು ಕಾಣಿಕೆಯಾಗಿ ಕಳುಹಿಸಿದ್ದ ಕಲ್ಲನ್ನು 1854ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಕದ್ದೊಯ್ದರು. ಅದನ್ನು ಪೊಟೊಮ್ಯಾಕ್ ನದಿಗೆ ಎಸೆದರೆಂದು ಹೇಳಲಾಗುತ್ತದೆ. 1855ರ ಆಗಸ್ಟ್ 6ರಂದು ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಚುನಾವಣೆಯ ದಿನ ನಡೆದ ಗಲಭೆಯಲ್ಲಿ ಕನಿಷ್ಠ 22 ಮಂದಿ ಸತ್ತರು.

ಮೂವರು ಅಭ್ಯರ್ಥಿಗಳು

1856ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜೇಮ್ಸ್ ಬ್ಯುಕ್ಯಾನನ್ ನಿಂತರು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದೆಂಬ ಹೊಸ ರಿಪಬ್ಲಿಕನ್ ಪಕ್ಷದಿಂದ ಜಾನ್ ಫ್ರೀಮಾಂಟ್ ನಿಂತರು. ಅಮೆರಿಕನ್ ಪಾರ್ಟಿಯ ಅಭ್ಯರ್ಥಿ ಮಿಲ್ಲರ್ಡ್ ಫಿಲ್ಮೋರ್. ಅವರು 1850ರಿಂದ 1853ರ ತನಕ ಅಧ್ಯಕ್ಷರಾಗಿದ್ದವರು.

ಇಲ್ಲೊಂದು ವಿಪರ್ಯಾಸವಿದೆ. ಫೆಬ್ರವರಿಯಲ್ಲಿ ಪಕ್ಷ ತಮ್ಮ ಹೆಸರು ಘೋಷಿಸಿದಾಗ ಫಿಲ್ಮೋರ್ ಯುರೋಪ್ ಪ್ರವಾಸದಲ್ಲಿದ್ದರು. ಆ ಪ್ರವಾಸದಲ್ಲಿ ಅವರು ರೋಮಿಗೂ ಹೋಗಿ ಪೋಪ್ ಒಂಬತ್ತನೇ ಪಿಯುಸರನ್ನು ಭೇಟಿಯಾಗಿದ್ದರು! ಇನ್ನೊಂದೆಡೆ ಫ್ರೀಮಾಂಟ್ ಅವರು ಗುಪ್ತವಾಗಿ ಕಥೋಲಿಕರು ಎಂಬ ಗಾಳಿಸುದ್ದಿ ಹಬ್ಬಿಸಲಾಯಿತು. ಅವರು ಎಪಿಸ್ಕೋಪಲ್ ಸಭೆಗೆ ಸೇರಿದವರು; ಅವರ ಮದುವೆಯನ್ನು ಒಬ್ಬ ಕಥೋಲಿಕ ಯಾಜಕರು ನೆರವೇರಿಸಿದ್ದರು, ಅಷ್ಟೆ. ಒಬ್ಬ ಅಭ್ಯರ್ಥಿಯ ಮೇಲೆ ‘ಕಥೋಲಿಕ’ ಎಂಬ ಮಾತನ್ನೇ ಆರೋಪವಾಗಿ ಹೊರಿಸುವ ಕಾಲ ಅದಾಗಿತ್ತು.

ಮತಪೆಟ್ಟಿಗೆಯ ಮುಂದೆ ರಕ್ತ

ಅಂದಿನ ಮತದಾನ ನಮ್ಮ ಇಂದಿನ ಗುಪ್ತ ಮತದಾನದಂತೆ ಇರಲಿಲ್ಲ. ಮೇರಿಲ್ಯಾಂಡಿನಲ್ಲಿ ಬಿಳಿಯ ಪುರುಷರಿಗೆ ಮಾತ್ರ ಮತವಿತ್ತು. ಸರಕಾರ ಮತಪತ್ರ ಮುದ್ರಿಸುತ್ತಿರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಹೆಸರಿರುವ ಚೀಟಿಯನ್ನು ಮುದ್ರಿಸಿ ಹಂಚುತ್ತಿದ್ದವು. ಚೀಟಿಯ ಬಣ್ಣ ಅಥವಾ ಗುರುತು ನೋಡಿದರೆ ಮತ ಯಾರಿಗೆಂದು ದೂರದಿಂದಲೇ ತಿಳಿಯುತ್ತಿತ್ತು. ಮತಗಟ್ಟೆಯ ಕಿಟಕಿಯ ತನಕ ನಡೆದು ಚೀಟಿ ಕೊಡಬೇಕಿತ್ತು. ದಾರಿಯಲ್ಲಿ ಪುಂಡರು ನಿಂತರೆ ಮತ ತಪ್ಪಿತು.

ಬಾಲ್ಟಿಮೋರಿನಲ್ಲಿ ಆದದ್ದು ಇದೇ. ‘ಪ್ಲಗ್ ಅಗ್ಲೀಸ್’, ‘ರಿಪ್ ರ‍್ಯಾಪ್ಸ್’, ‘ಬ್ಲಡ್ ಟಬ್ಸ್’ ಎಂಬ ಹೆಸರಿನ ಪುಂಡರ ತಂಡಗಳು ನೋ ನಥಿಂಗ್‌ಗಳ ಪರ ಬೀದಿಗಿಳಿದವು. ಕಸಾಯಿಖಾನೆಯಿಂದ ತಂದ ರಕ್ತದ ತೊಟ್ಟಿಯಲ್ಲಿ ವಲಸಿಗ ಮತದಾರರನ್ನು ಅದ್ದುತ್ತಿದ್ದುದರಿಂದ ಮೂರನೆಯ ತಂಡಕ್ಕೆ ಆ ಹೆಸರು ಬಂತೆನ್ನುತ್ತಾರೆ. ಡೆಮಾಕ್ರಟರ ಪರವಾಗಿಯೂ ಇಂಥ ತಂಡಗಳಿದ್ದವು; ಅವರೂ ಕೈಕಟ್ಟಿ ಕುಳಿತಿರಲಿಲ್ಲ. 1856ರ ಅಕ್ಟೋಬರ್‌ನಲ್ಲಿ ಮೇಯರ್ ಚುನಾವಣೆಯ ದಿನ ರಕ್ತ ಹರಿಯಿತು. ಅಧ್ಯಕ್ಷೀಯ ಚುನಾವಣೆಯ ದಿನವಾದ ನವೆಂಬರ್ 4ರಂದು ಗಲಭೆ ಮರುಕಳಿಸಿತು. ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಶಾಂತಿ ಕಾಪಾಡಲು ನೆರವು ನೀಡುವೆನೆಂದು ರಾಜ್ಯದ ಗವರ್ನರ್ ಥಾಮಸ್ ಲಿಗನ್ ಮುಂದೆ ಬಂದರೂ ನಗರಾಡಳಿತ ಒಪ್ಪಲಿಲ್ಲ.

ಫಲಿತಾಂಶ ಹೀಗಿತ್ತು: ಮೇರಿಲ್ಯಾಂಡಿನಲ್ಲಿ ಫಿಲ್ಮೋರ್ ಅವರಿಗೆ ಸುಮಾರು 47 ಸಾವಿರ ಮತ, ಅಂದರೆ ಶೇಕಡಾ 54ಕ್ಕಿಂತ ಹೆಚ್ಚು. ಬ್ಯುಕ್ಯಾನನ್ ಅವರಿಗೆ ಸುಮಾರು 39 ಸಾವಿರ. ಫ್ರೀಮಾಂಟ್ ಅವರಿಗೆ 300 ಮತವೂ ಇಲ್ಲ. ಗೆಲುವಿನ ಅಂತರದ ಬಹುಪಾಲು ಬಂದದ್ದು ಬಾಲ್ಟಿಮೋರ್ ನಗರದಿಂದಲೇ.

ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆ ನೇರವಾಗಿ ಜನರ ಮತದಿಂದಲ್ಲ; ಪ್ರತಿ ರಾಜ್ಯಕ್ಕೂ ಇಂತಿಷ್ಟು ಚುನಾಯಕರ ಮತಗಳಿರುತ್ತವೆ. ಅಂದು ಒಟ್ಟು 296 ಇದ್ದವು. ಬ್ಯುಕ್ಯಾನನ್ 174 ಪಡೆದು ಅಧ್ಯಕ್ಷರಾದರು. ಫ್ರೀಮಾಂಟ್ 114 ಪಡೆದರು. ದೇಶದಲ್ಲಿ ಐವರಲ್ಲಿ ಒಬ್ಬ ಮತದಾರ ಫಿಲ್ಮೋರ್ ಅವರಿಗೆ ಮತ ಹಾಕಿದ್ದರೂ ಅವರ ಪಾಲಿಗೆ ಬಂದದ್ದು ಮೇರಿಲ್ಯಾಂಡಿನ 8 ಮಾತ್ರ.

ಎಲ್ಲರೂ ದ್ವೇಷದಿಂದಲೇ ಮತ ಹಾಕಿದರೇ?

ಹಾಗೆ ಹೇಳಿದರೆ ನ್ಯಾಯವಾಗದು. ಮೇರಿಲ್ಯಾಂಡ್ ಉತ್ತರ ಮತ್ತು ದಕ್ಷಿಣದ ನಡುವಿನ ಗಡಿ ರಾಜ್ಯ. 1860ರ ಜನಗಣತಿಯಂತೆ ಅಲ್ಲಿ ಸುಮಾರು 87 ಸಾವಿರ ಗುಲಾಮರೂ ಸುಮಾರು 84 ಸಾವಿರ ಸ್ವತಂತ್ರ ಕಪ್ಪು ಜನರೂ ಇದ್ದರು. ಗುಲಾಮಗಿರಿಯ ಪ್ರಶ್ನೆಯಲ್ಲಿ ದೇಶ ಒಡೆದರೆ ಮೊದಲ ಪೆಟ್ಟು ಬೀಳುವುದು ತಮಗೇ ಎಂದು ಅಲ್ಲಿನ ಜನಕ್ಕೆ ಗೊತ್ತಿತ್ತು. ಅವರಲ್ಲಿ ಅನೇಕರು ನೆಚ್ಚಿಕೊಂಡಿದ್ದ ಹಳೆಯ ವಿಗ್ ಪಕ್ಷ ಕುಸಿದುಬಿದ್ದಿತ್ತು. ಫಿಲ್ಮೋರ್ ತಮ್ಮ ಪ್ರಚಾರದಲ್ಲಿ ಒತ್ತು ಕೊಟ್ಟದ್ದು ದೇಶದ ಐಕ್ಯಕ್ಕೆ. ಉಳಿದ ವಿಗ್ ನಾಯಕರು ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರಿನಲ್ಲೇ ಸಭೆ ಸೇರಿ ಅವರನ್ನು ಬೆಂಬಲಿಸಿದರು.

ಹಾಗಾಗಿ ಹಲವರು ಫಿಲ್ಮೋರ್ ಅವರಿಗೆ ಮತ ಹಾಕಿದ್ದು ಶಾಂತಿಯ ಆಸೆಯಿಂದ. ಆದರೆ ಆ ಮತದ ಬೆನ್ನೇರಿ ಪುಂಡರ ತಂಡಗಳೂ ಬಂದವು. ಪಕ್ಷದ ಒಂದು ಭರವಸೆ ಹಿಡಿಸಿತೆಂದು ಅದರ ಉಳಿದ ಮುಖಕ್ಕೆ ಕಣ್ಣು ಮುಚ್ಚಿದರೆ ಆಗುವುದು ಹೀಗೆಯೇ.

ಬೇಡಿದ ಶಾಂತಿಯೂ ಸಿಗಲಿಲ್ಲ. 1857ರಲ್ಲಿ ಆ ಪಕ್ಷದ ಥಾಮಸ್ ಹಿಕ್ಸ್ ಗವರ್ನರ್ ಆಗಿ ಆಯ್ಕೆಯಾದರು. ಬಾಲ್ಟಿಮೋರಿನ ಚುನಾವಣೆಗಳು ಇನ್ನಷ್ಟು ಕೆಟ್ಟವು. ಕೊನೆಗೆ ಬೇಸತ್ತ ನಾಗರಿಕರೇ ಸುಧಾರಣೆಗಾಗಿ ಒಂದಾದರು. 1860ರಲ್ಲಿ ನಗರದ ಪೊಲೀಸ್ ವ್ಯವಸ್ಥೆಯನ್ನು ರಾಜ್ಯ ವಹಿಸಿಕೊಂಡಿತು. ಅದೇ ವರ್ಷ ಸುಧಾರಣಾವಾದಿ ಮೇಯರ್ ಆಯ್ಕೆಯಾದರು. ಪಕ್ಷ ಹೇಳಹೆಸರಿಲ್ಲದಂತಾಯಿತು. ಆದರೆ ಹೆದರಿದ್ದ ಯುದ್ಧ ಬಂದೇ ಬಂತು. 1861ರ ಏಪ್ರಿಲ್ 19ರಂದು ಬಾಲ್ಟಿಮೋರಿನ ಬೀದಿಯಲ್ಲೇ ಸೈನಿಕರೂ ನಾಗರಿಕರೂ ಸತ್ತರು.

ಧರ್ಮಸಭೆ ಕಲಿತದ್ದು, ಕಲಿಯದೇ ಹೋದದ್ದು

ಆಗ ಬಾಲ್ಟಿಮೋರಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಫ್ರಾನ್ಸಿಸ್ ಪ್ಯಾಟ್ರಿಕ್ ಕೆನ್ರಿಕ್. ಅವರಿಗೆ ಇಂಥ ಗಲಭೆ ಹೊಸದಲ್ಲ. 1844ರಲ್ಲಿ ಅವರು ಫಿಲಡೆಲ್ಫಿಯಾದ ಧರ್ಮಾಧ್ಯಕ್ಷರಾಗಿದ್ದಾಗ ಅಲ್ಲಿ ಎರಡು ಚರ್ಚ್‌ಗಳು ಸುಟ್ಟುಹೋಗಿದ್ದವು. ಆಗ ಅವರು ಸೇಡಿಗೆ ಕರೆ ಕೊಡಲಿಲ್ಲ. ರಕ್ತಪಾತ ತಪ್ಪಿಸಲು ಭಾನುವಾರದ ಬಲಿಪೂಜೆಯನ್ನೇ ನಿಲ್ಲಿಸಿ ಚರ್ಚ್‌ಗಳನ್ನು ಮುಚ್ಚಿಸಿದರು. 1852ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಪ್ರತಿ ಧರ್ಮಕೇಂದ್ರದಲ್ಲೂ ಶಾಲೆ ತೆರೆಯಲು ಒತ್ತಾಯಿಸಿತು. ಬಾಲ್ಟಿಮೋರಿನಲ್ಲಿ ಸೇವೆ ಸಲ್ಲಿಸಿ ಅದೇ ವರ್ಷ ಫಿಲಡೆಲ್ಫಿಯಾದ ಧರ್ಮಾಧ್ಯಕ್ಷರಾದ ಸಂತ ಜಾನ್ ನ್ಯೂಮನ್, ನೋ ನಥಿಂಗ್‌ಗಳ ಅಬ್ಬರದ ನಡುವೆಯೇ 1853ರಲ್ಲಿ ನಲವತ್ತು ಗಂಟೆಗಳ ಪರಮಪ್ರಸಾದದ ಆರಾಧನೆಯನ್ನು ಧರ್ಮಪ್ರಾಂತ್ಯದಾದ್ಯಂತ ಆರಂಭಿಸಿದರು.

ಇದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಭಾಗ. ಆದರೆ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು ಮಾರಿದರು. ಅವರಲ್ಲಿ ಹೆಚ್ಚಿನವರನ್ನು ದೂರದ ಲೂಯಿಸಿಯಾನಕ್ಕೆ ಕಳುಹಿಸಲಾಯಿತು. ಆ ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಾರಾಟವಾದವರಲ್ಲಿ ಅನೇಕರು ಜ್ಞಾನಸ್ನಾನ ಪಡೆದ ಕಥೋಲಿಕರೇ. ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಾಜರ್ ಟಾನಿ ಮೇರಿಲ್ಯಾಂಡಿನ ಕಥೋಲಿಕರು. ಕಪ್ಪು ಜನರು ಈ ದೇಶದ ಪೌರರಾಗಲಾರರು ಎಂದು 1857ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟ ಪೀಠದ ಮುಖ್ಯಸ್ಥರು ಅವರೇ.

ನಾಲ್ಕು ತಿಂಗಳ ಹಿಂದೆಯಷ್ಟೇ ‘ಕಥೋಲಿಕರು ನಿಜವಾದ ಅಮೆರಿಕನ್ನರಲ್ಲ’ ಎಂಬ ಕೂಗಿಗೆ ಅವರ ಸ್ವಂತ ರಾಜ್ಯ ಬಹುಮತ ಕೊಟ್ಟಿತ್ತು. ತಮ್ಮವರ ಮೇಲೆ ಬಿದ್ದ ಕೋಲನ್ನೇ ಎತ್ತಿಕೊಂಡು ಇನ್ನೊಬ್ಬರಿಗೆ ಹೊಡೆದಂತಾಯಿತು. ಅಬ್ರಹಾಂ ಲಿಂಕನ್ ಇದನ್ನು 1855ರಲ್ಲೇ ಕಂಡಿದ್ದರು. ಕಪ್ಪು ಜನರನ್ನು ಸಮಾನತೆಯಿಂದ ಹೊರಗಿಟ್ಟ ದೇಶ, ನೋ ನಥಿಂಗ್‌ಗಳು ಅಧಿಕಾರಕ್ಕೆ ಬಂದರೆ ವಿದೇಶಿಯರನ್ನೂ ಕಥೋಲಿಕರನ್ನೂ ಹೊರಗಿಡುತ್ತದೆ ಎಂದು ಅವರು ಗೆಳೆಯರೊಬ್ಬರಿಗೆ ಪತ್ರ ಬರೆದಿದ್ದರು.

ಯೇಸುಸಭೆಯವರೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರೂ 2017ರಲ್ಲಿ ಮಾರಾಟವಾದವರ ವಂಶಜರ ಮುಂದೆ ನಿಂತು ಕ್ಷಮೆ ಕೇಳಿದರು. ತಡವಾಯಿತು, ಆದರೂ ಕೇಳಿದರು.

1960ರಲ್ಲಿ ಕಥೋಲಿಕರಾದ ಜಾನ್ ಕೆನಡಿ ಅಧ್ಯಕ್ಷರಾಗಿ ಆಯ್ಕೆಯಾದಾಗ ಮೇರಿಲ್ಯಾಂಡ್ ಅವರ ಪರವಾಗಿ ಮತ ನೀಡಿತು. ನದಿಗೆ ಬಿದ್ದ ಕಲ್ಲಿನ ಜಾಗಕ್ಕೆ 1982ರಲ್ಲಿ ವಾಷಿಂಗ್ಟನ್ ಸ್ಮಾರಕದಲ್ಲಿ ಇನ್ನೊಂದು ಕಲ್ಲು ಬಂತು. 2025ರ ಮೇ 8ರಂದು ಅಮೆರಿಕದಲ್ಲೇ ಹುಟ್ಟಿದ ಹದಿನಾಲ್ಕನೇ ಲಿಯೋ ಪೋಪರಾಗಿ ಆಯ್ಕೆಯಾದರು.

ಪಾಲನಾ ಪರಿಷತ್ತುಗಳಲ್ಲಿ, ಸಂಘಟನೆಗಳಲ್ಲಿ ದುಡಿಯುವ ನಮಗೆ ಈ ಚರಿತ್ರೆ ಎರಡು ಮಾತು ಹೇಳುತ್ತದೆ. ನಮ್ಮ ಮೇಲೆ ಅಪನಂಬಿಕೆಯ ಗಾಳಿ ಬೀಸಿದಾಗ ಕೆನ್ರಿಕ್ ಅವರಂತೆ ತಾಳ್ಮೆಯಿಂದಿದ್ದು, ಶಾಲೆ ಕಟ್ಟಿ, ಪ್ರಾರ್ಥನೆ ಬಿಡದೆ, ನಮ್ಮ ಹಕ್ಕನ್ನು ಕಾನೂನಿನ ದಾರಿಯಲ್ಲಿ ಕೇಳಬೇಕು. ಅದೇ ಗಾಳಿ ಇನ್ನೊಬ್ಬರ ಮನೆಯತ್ತ ಬೀಸುವಾಗ, ಅದು ನಮ್ಮ ಮನೆಯದಲ್ಲವೆಂದು ಸುಮ್ಮನಿರಬಾರದು. ಇನ್ನೊಬ್ಬರ ವಿಚಾರದಲ್ಲಿ ಟಾನಿಯವರು ಎಡವಿದ ಜಾಗ ಇದೇ. ನಾವೂ ಎಡವಬಾರದಲ್ಲವೇ?